ಸುಭಾಸ ರಸ್ತೆಯ ಸ್ಟುಡಿಯೋದಲ್ಲಿ ಅಜ್ಜನ 1945ರ ಫೋಟೋ ದುರಸ್ತಿ

ಟ್ರಂಕಿನ ತಳದಲ್ಲಿ ಮಡಚಿ ಬಿದ್ದಿದ್ದ ಅಜ್ಜನ ಫೋಟೋವೊಂದನ್ನು ಕಳೆದ ತಿಂಗಳು ಧಾರವಾಡದ ಸುಭಾಸ ರಸ್ತೆಯ ಈ ಸ್ಟುಡಿಯೋಕ್ಕೆ ದುರಸ್ತಿಗೆ ಕೊಟ್ಟಿದ್ದೆ. ಬೆಳಗಾವಿಯಲ್ಲಿ ಸೈನ್ಯಕ್ಕೆ ಭರ್ತಿಯಾದ ಅಜ್ಜ 1945ರ ಸಪ್ಟೆಂಬರ್‌ನಲ್ಲಿ ಮಲಾಯಾದಲ್ಲಿ (ಇಂದಿನ ಮಲೇಷ್ಯಾದ ಭಾಗ) ಇದ್ದರು. ಜಪಾನಿನ ಚಕ್ರವರ್ತಿ ಆಗಸ್ಟ್ 15ರಂದೇ ರೇಡಿಯೋದಲ್ಲಿ ಸೋಲನ್ನು ಸಾರಿದ್ದರೂ ಸಿಂಗಾಪುರದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಬಿದ್ದದ್ದು ಸಪ್ಟೆಂಬರ್ 12ರಂದು. ಅಲ್ಲಲ್ಲಿ ಚದುರಿದ್ದ ಜಪಾನಿ ಸೈನಿಕರನ್ನು ಒಟ್ಟುಗೂಡಿಸಿ, ಆಯುಧ ಇಳಿಸಿಕೊಂಡು, ತಲೆ ಎಣಿಸಿ ಶಿಬಿರಗಳಿಗೆ ಸಾಗಿಸುವ ಕೆಲಸದ ದೊಡ್ಡ ಪಾಲು ಭಾರತೀಯ ಪಡೆಗಳ ಮೇಲೆ ಬಿತ್ತು. ಫೋಟೋದಲ್ಲಿರುವುದು ಆ ಕೆಲಸವೇ: ರಬ್ಬರ್ ತೋಟದ ಅಂಚಿನಲ್ಲಿ ಸಾಲಾಗಿ ಕುಳಿತ ಜಪಾನಿಯರು, ತಾಡಪತ್ರಿಯ ಮೇಲೆ ರಾಶಿ ಬಿದ್ದ ಕತ್ತಿಗಳು, ಪಕ್ಕದಲ್ಲಿ ಬಂದೂಕು ಹಿಡಿದು ನಿಂತ ಅಜ್ಜ.

ಮೊದಲ ಪ್ರತಿ ನೋಡಿ ನನಗೆ ಬಹಳ ಬೇಸರವಾಯಿತು. ಅಜ್ಜನ ಮುಖ ಸ್ವಚ್ಛವಾಗಿ ಬಂದಿತ್ತು, ಆದರೆ ಮಡಿಕೆ ಬಿದ್ದು ಅಳಿಸಿಹೋಗಿದ್ದ ನಾಲ್ವರು ಸೈನಿಕರಿಗೆ ಕಂಪ್ಯೂಟರ್ ಒಂದೇ ಅಚ್ಚಿನ ಮುಖಗಳನ್ನು ಕೂರಿಸಿತ್ತು. ಊಟದ ಡಬ್ಬಿಯನ್ನು ಎರಡೂ ಕೈಯಿಂದ ಅವುಚಿಕೊಂಡು ತಲೆ ತಗ್ಗಿಸಿ ಕುಳಿತಿದ್ದ ಹುಡುಗನೊಬ್ಬ ಈಗ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದ. ಆ ಹುಡುಗನ ಸಂಗತಿಯನ್ನು ಅಜ್ಜ ನಮಗೆ ಎಷ್ಟೋ ಸಲ ಹೇಳಿದ್ದರು. ತಪಾಸಣೆಗೆಂದು ಕೇಳಿದರೆ ಅವನು ಡಬ್ಬಿ ಕೊಡಲೊಲ್ಲ. ಕಸಿದು ತೆರೆದರೆ ಒಳಗೆ ಸತ್ತ ಗೆಳೆಯನ ಕೂದಲು, ಉಗುರು, ಮನೆಯವರಿಗೆ ಮುಟ್ಟಿಸಲೆಂದು ಕಾಗದದಲ್ಲಿ ಸುತ್ತಿ ಇಟ್ಟುಕೊಂಡದ್ದು. ಅಜ್ಜ ಮುಚ್ಚಳ ಹಾಕಿ ಅವನ ಕೈಗೇ ಮರಳಿಸಿದ್ದರು. ಇಂಥವರನ್ನು ಬ್ರಿಟಿಷರು ಯುದ್ಧಕೈದಿಗಳೆನ್ನದೆ ‘ಶರಣಾದ ಸಿಬ್ಬಂದಿ’ ಎಂದು ದಾಖಲಿಸಿದ್ದರಿಂದ ಕೈದಿಗಳಿಗೆ ಸಲ್ಲಬೇಕಾದ ರಕ್ಷಣೆ ಅವರಿಗೆ ಸಲ್ಲಲಿಲ್ಲ. ದುಡಿಮೆಗೆ ಹಚ್ಚಿ ಉಳಿಸಿಕೊಂಡವರಲ್ಲಿ ಅನೇಕರು ಊರು ಕಂಡದ್ದು 1947ರಲ್ಲಿ. ಅವರ ಮುಖವನ್ನೂ ನಾವು ಬದಲಿಸುವುದು ನನಗೆ ಸರಿಕಾಣಲಿಲ್ಲ.

ಇದನ್ನೆಲ್ಲ ಹೇಳಿದಾಗ ಮಾಲೀಕರು ವಾದ ಮಾಡಲಿಲ್ಲ. “ಇಲ್ಲದ್ದನ್ನ ನಾವು ತುಂಬಬಾರದಿತ್ತು ಬಿಡ್ರಿ, ಮತ್ತೊಮ್ಮೆ ಮಾಡಿ ಕೊಡ್ತೀನಿ” ಎಂದು ಮೂಲ ಸ್ಕ್ಯಾನನ್ನೇ ತೆಗೆದು, ಮಡಿಕೆಯ ಬಿಳಿ ಗೆರೆಯನ್ನಷ್ಟೇ ಚೂರುಚೂರಾಗಿ ಕೈಯಾರೆ ಸರಿಪಡಿಸಿದರು. ಮುಖ ಉಳಿಯದ ಕಡೆ ಮಬ್ಬನ್ನು ಹಾಗೆಯೇ ಬಿಟ್ಟರು. ಎರಡನೆಯ ಸಲದ ಕೆಲಸಕ್ಕೆ ಹಣ ಕೇಳಲಿಲ್ಲ. ಒಟ್ಟು 1,400 ರೂಪಾಯಿ, ಎರಡು ವಾರ ಹಿಡಿಯಿತು. ಹಿಂಬದಿಯ ಪೆನ್ಸಿಲ್ ಬರಹವನ್ನೂ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು.

ಹಳೆಯ ಫೋಟೋ ಒಯ್ಯುವವರು ಮುಖಗಳನ್ನು ಕಂಪ್ಯೂಟರಿಗೆ ಬಿಡಬೇಡಿ ಎಂದು ಕೊಡುವಾಗಲೇ ಹೇಳಬೇಕು, ಮೊದಲ ಪ್ರತಿಯನ್ನು ಮೂಲದ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಪ್ರತಿಯಲ್ಲಿ ಹುಡುಗನ ತಲೆ ಮತ್ತೆ ತಗ್ಗಿದೆ, ಡಬ್ಬಿಯ ತಂತಿ ಹಿಡಿಕೆಯೂ ಈಗ ಕಾಣುತ್ತದೆ.