ತಮ್ಮನನ್ನು ತರಬೇತಿಗೆ ಸೇರಿಸಿ ಮೂರು ವರ್ಷ: ಕೇಂದ್ರ ಹೇಗಿತ್ತು?

ನನ್ನ ತಮ್ಮನಿಗೆ ಈಗ 29. ಡೌನ್ ಸಿಂಡ್ರೋಮ್ ಇದೆ. ಮೂರು ವರ್ಷದ ಹಿಂದೆ ಉಡುಪಿಯ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಮೇಣದ ಬತ್ತಿ, ಪೇಪರ್ ಕವರ್, ಫಿನಾಯಿಲ್ ಎಲ್ಲ ಕಲಿಸುತ್ತಾರೆ, ಅವರ ಕರಪತ್ರ ನೋಡಿದರೆ ಗೊತ್ತಾಗುತ್ತದೆ. ಆ ಮೇಣದ ಬತ್ತಿಗಳು ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ನಾನು ಹೇಳಬೇಕಾಗಿರುವುದು ಬಸ್ಸಿನ ವಿಷಯ.

ವರ್ಷ ಕಳೆದ ಮೇಲೆ ಮಣಿಪಾಲದ ಒಂದು ಹಾಸ್ಟೆಲಿನ ಲಾಂಡ್ರಿಯಲ್ಲಿ ಅವನಿಗೆ ಕೆಲಸ ಹುಡುಕಿಕೊಟ್ಟರು. ಚಾದರ ಮಡಿಸಿ ಹತ್ತತ್ತರ ಕಟ್ಟು ಮಾಡುವುದು. ನಮ್ಮ ಸ್ಟಾಪ್ ಕಡಿಯಾಳಿಯಿಂದ ಮಣಿಪಾಲದ ಟೈಗರ್ ಸರ್ಕಲ್‌ಗೆ ಬಸ್ಸಿನಲ್ಲಿ ಒಬ್ಬನೇ ಹೋಗಬೇಕು ಅಂದರು ಕೇಂದ್ರದ ಟೀಚರ್. ಅಮ್ಮ ಅವನನ್ನು ಪಕ್ಕದ ಅಂಗಡಿಗೂ ಒಬ್ಬನೇ ಕಳಿಸಿದವರಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೊದಲ ವಾರ ಟೀಚರ್ ಅವನ ಪಕ್ಕದಲ್ಲೇ ಕೂತರು. ಮುಂದಿನ ವಾರ ಹಿಂದಿನ ಸೀಟು. ಆಮೇಲೆ ಎಂಜಿಎಂ ಸ್ಟಾಪಿನಲ್ಲಿ ಹತ್ತತೊಡಗಿದರು. ಕೊನೆಗೆ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ. ಅವನಿಗೆ ಗೊತ್ತಾಗಬಾರದು ಅಂತ ಲೆಕ್ಕ. ಸಂಜೆ ಬಂದು ಹೇಳಿದ, "ಅಕ್ಕಾ, ಟೀಚರ್ ಹೆಲ್ಮೆಟ್ ಕೆಂಪು."

ಬೆಳಿಗ್ಗೆ 7.40ಕ್ಕೆ ಅವನು ರೆಡಿ. ಪ್ಯಾಂಟಿನ ಎಡ ಜೇಬಿನಲ್ಲಿ ಹೋಗುವ ದುಡ್ಡು, ಬಲ ಜೇಬಿನಲ್ಲಿ ಬರುವ ದುಡ್ಡು. (ಅವನು ಹತ್ತುವುದು ಖಾಸಗಿ ಸಿಟಿ ಬಸ್ಸು. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಅಲ್ಲಿ ನಡೆಯುವುದಿಲ್ಲ.) ಕಂಡಕ್ಟರ್ ತುಳುವಿನಲ್ಲಿ "ದುಂಬು ಪೋಲೆ" (ಮುಂದೆ ಹೋಗಿ) ಅಂದರೆ ಇವನೂ ಉಳಿದವರಿಗೆ "ದುಂಬು ಪೋಲೆ" ಅನ್ನುತ್ತಾನಂತೆ. ಇಂದ್ರಾಳಿ ರೈಲ್ವೆ ಸೇತುವೆ ದಾಟಿದ ಕೂಡಲೇ ಬುತ್ತಿ ಚೀಲ ಮಡಿಲಿಗೆ.

ಒಮ್ಮೆ ಎಡವಟ್ಟಾಯಿತು. ಅವನಿಗೆ ಗುರುತಿದ್ದದ್ದು ಒಂದೇ ಒಂದು ಹಸಿರು ಬಸ್ಸು. ಅದು ಗ್ಯಾರೇಜಿಗೆ ಹೋದ ದಿನ ಬೇರೆಲ್ಲ ಬಸ್ಸನ್ನೂ ಬಿಟ್ಟು ಹತ್ತು ಗಂಟೆವರೆಗೆ ಅಲ್ಲೇ ನಿಂತಿದ್ದ. ಆಮೇಲೆ ಟೀಚರ್ ಬೋರ್ಡಿನ ಫೋಟೋ ತೆಗೆದು ಒಂದು ಪದ ಕಲಿಸಿದರು: ಮಣಿಪಾಲ. ಹತ್ತು ವರ್ಷ ಶಾಲೆಗೆ ಹೋಗಿ ಒಂದಕ್ಷರ ಹತ್ತದವನು ಈಗ ಪೇಪರಿನಲ್ಲಿ ಮಣಿಪಾಲ ಹುಡುಕಿ ತೋರಿಸುತ್ತಾನೆ.

ಇಲ್ಲಿಗೇ ಮುಗಿದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಎಂಟು ತಿಂಗಳಿಗೆ ಲಾಂಡ್ರಿಯ ಸೂಪರ್‌ವೈಸರ್ ಬದಲಾದರು. ಕಟ್ಟಿನಲ್ಲಿ ಒಮ್ಮೆ ಒಂಬತ್ತು, ಒಮ್ಮೆ ಹನ್ನೊಂದು ಅಂತ ದೂರು. "ನಾಳೆಯಿಂದ ಬೇಡ" ಅಂದುಬಿಟ್ಟರು. ಕೇಂದ್ರಕ್ಕೆ ಫೋನ್ ಮಾಡಿದೆ. ಕೆಲಸಕ್ಕೆ ಸೇರಿದ ಮೇಲೆ ಮೂರೇ ತಿಂಗಳು ನೋಡಿಕೊಳ್ಳುವುದಂತೆ. "ನಮ್ಮ ಲೆಕ್ಕದಲ್ಲಿ ಅವನಿಗೆ ಕೆಲಸ ಆಗಿದೆಯಲ್ಲ ಮೇಡಂ?" ಎಂಥ ಲೆಕ್ಕ ಇದು! ಒಂದು ವರ್ಷ ತಿಂಗಳಿಗೆ 2,500 ರೂಪಾಯಿ ಫೀಸು ಕಟ್ಟಿದ್ದೇವೆ. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಇವನೋ, ದಿನಾ 7.40ಕ್ಕೆ ಶರ್ಟ್ ಹಾಕಿ ಜಗಲಿಯಲ್ಲಿ ಕೂರುತ್ತಿದ್ದ. ಹನ್ನೊಂದು ದಿನ.

ಸರ್ಕಾರಿ ನೌಕರಿ ಯಾಕೆ ನೋಡಲಿಲ್ಲ ಅಂತ ನೆಂಟರು ಕೇಳುತ್ತಾರೆ. 2016ರ ಕಾಯ್ದೆಯಲ್ಲಿ ಅಂಗವಿಕಲರಿಗೆ ಶೇ 4 ಮೀಸಲು ಇದೆ, ನಿಜ. ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ ಎಲ್ಲ ಸೇರಿ ಅದರಲ್ಲಿ ಸಿಗುವುದು ಶೇ 1. ಎಸ್ಸೆಸ್ಸೆಲ್ಸಿ ಇಲ್ಲದ ಇವನಿಗೆ ಅದು ಎಟಕುವ ಮಾತಾ?

ಹನ್ನೆರಡನೇ ದಿನ ಅದೇ ಟೀಚರ್ ತಮ್ಮ ರಜೆ ಹಾಕಿ, ತಮ್ಮದೇ ಪೆಟ್ರೋಲಿನಲ್ಲಿ ಲಾಂಡ್ರಿಗೆ ಹೋದರು. ಅರ್ಧ ದಿನ ಸುಮ್ನೆ ಕೂತು ನೋಡಿದರು. ಹಳೆ ಸೂಪರ್‌ವೈಸರ್ ಅವನ ಜೊತೆ ಬಾಯಿಬಿಟ್ಟು ಎಣಿಸುತ್ತಿದ್ದರಂತೆ, ಹೊಸಬರು ಎಣಿಸುವುದಿಲ್ಲ. ಅಷ್ಟೇ. ಟೀಚರ್ ಮೇಜಿನ ಅಂಚಿಗೆ ಹತ್ತು ಬಟ್ಟೆ ಕ್ಲಿಪ್ ಸಿಕ್ಕಿಸಿದರು. ಒಂದು ಚಾದರಕ್ಕೆ ಒಂದು ಕ್ಲಿಪ್ ತೆಗೆಯುವುದು. ಕ್ಲಿಪ್ ಮುಗಿದರೆ ಕಟ್ಟು ಆಯಿತು. ಅವನು ಈಗಲೂ ಅಲ್ಲೇ ಇದ್ದಾನೆ.

ಇಂಥವರಿಗಾಗಿ ಕೇಂದ್ರ ಸರ್ಕಾರದ ಆರೋಗ್ಯ ವಿಮೆ ಇದೆ, ನಿರಾಮಯ ಅಂತ. ಅದರ ಅರ್ಜಿ ತುಂಬಿಸಿದ್ದೂ ಟೀಚರೇ. ಎಲ್ಲ ಸೇರಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಗೊತ್ತಿಲ್ಲದವರು ವಿಚಾರಿಸಿ.

ಕೇಂದ್ರಕ್ಕೆ ಐದರಲ್ಲಿ ಮೂರು. ಟೀಚರಿಗೆ ಬೇರೆಯೇ ಲೆಕ್ಕ. ನೀವು ಎಲ್ಲೇ ಸೇರಿಸಿ, ಕೆಲಸ ಸಿಕ್ಕ ಮೇಲೆ ಎಷ್ಟು ತಿಂಗಳು ಬಂದು ನೋಡುತ್ತೀರಿ ಅಂತ ಕೇಳಿ, ಬರೆಸಿಕೊಳ್ಳಿ.

ಕಳೆದ ವಿಟ್ಲಪಿಂಡಿಯ (ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ಉತ್ಸವ) ಸಂಜೆ ಅವನು ಕಡಿಯಾಳಿಯಲ್ಲಿ ಇಳಿಯಲೇ ಇಲ್ಲ. ಹುಲಿವೇಷದ ತಾಸೆಯ ಬಡಿತ ಕೇಳಿಕೊಂಡು ಕಲ್ಸಂಕದವರೆಗೆ ಹೋಗಿ, ಕುಣಿದು, ಇನ್ನೊಂದು ಬಸ್ ಹತ್ತಿ ಎಂಟು ಗಂಟೆಗೆ ತಾನೇ ಬಂದ. ಅಮ್ಮ ಚೆನ್ನಾಗಿ ಬೈದರು. ಆ ಮೂರನೇ ಟಿಕೆಟಿನ ದುಡ್ಡು ಯಾವ ಜೇಬಿನದು ಅಂತ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.