ಸೀಟು ಕಿತ್ತ ಟೆಂಪೋ ಟ್ರಾವೆಲರ್ (ಟಿಟಿ) ವ್ಯಾನನ್ನು ಮೋಟರ್‌ಹೋಮ್ ಅಂತ ಮಾರುತ್ತಿದ್ದಾರೆ, ಹುಷಾರು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಯಾರಾದರೂ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿ) ಕೊಳ್ಳೋಕೆ ಹೊರಟಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನನಗೆ ಮೋಸ ಆಗಿದೆ. ಬರೆಯೋಕೂ ನಾಚಿಕೆ, ಆದರೂ ಬರೆಯುತ್ತಿದ್ದೇನೆ.

ಶಿವಮೊಗ್ಗದ ಒಬ್ಬ ಬ್ರೋಕರ್ ತೋರಿಸಿದ ಗಾಡಿ. ಒಳಗೆ ಎರಡು ಹಾಸಿಗೆ, ಸಿಂಕು, ಗ್ಯಾಸ್ ಒಲೆ, ಟಾಯ್ಲೆಟ್, ಎಸಿ. "ಅಮೆರಿಕದ ಕ್ಲಾಸ್ ಸಿ ಮೋಟರ್‌ಹೋಮ್ ಇದು ಸಾರ್" ಅಂದ. ಸುಳ್ಳು! ಅಲ್ಲಿ ಬಸ್ಸಿನಂಥ ದೊಡ್ಡ ಚಾಸಿ ಮೇಲೆ ಕಟ್ಟಿದ್ದು ಕ್ಲಾಸ್ ಎ. ವ್ಯಾನಿನ ಬಾಡಿಯೊಳಗೇ ಮಾಡಿದ್ದು ಬಿ. ಮುಂದಿನ ಕ್ಯಾಬಿನ್ ಉಳಿಸಿಕೊಂಡು ಹಿಂದೆ ಬೇರೆ ಬಾಡಿ ಕಟ್ಟಿ, ಡ್ರೈವರ್ ತಲೆ ಮೇಲೆ ಮಲಗುವ ಜಾಗ ಚಾಚಿಕೊಂಡಿದ್ದರೆ ಸಿ. ಇಂಜಿನ್ ಇಲ್ಲದೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೈಲರ್ ಬೇರೆ. ನನಗೆ ಕೊಟ್ಟಿದ್ದು ಬಾಡಿ ನೋಡಿದರೆ ಹೆಚ್ಚೆಂದರೆ ಬಿ. ದಾಖಲೆ ನೋಡಿದರೆ ಅದೂ ಅಲ್ಲ.

ಆರ್‌ಸಿ ಕೇಳಿದ್ದೆ. "ಏಜೆಂಟ್ ಹತ್ರ ಇದೆ ಸಾರ್, ಮೋಟರ್ ಕ್ಯಾರವಾನ್ ಅಂತ ಕನ್ವರ್ಷನ್ ಆಗಿದೆ, ಚಿಂತೆ ಬಿಡಿ" ಅಂದಿದ್ದ. ಮೋಟರ್‌ಹೋಮ್‌ಗೆ ಆರ್‌ಸಿಯಲ್ಲಿ ಬರೆಯುವ ಹೆಸರು ಅದು. ನಂಬಿ ಕೊಂಡುಬಿಟ್ಟೆ.

8 ವರ್ಷ ದಾಟಿದ ಯೆಲ್ಲೋ ಬೋರ್ಡ್ ಗಾಡಿ, ಪ್ರತಿ ವರ್ಷ ಆರ್‌ಟಿಒದಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಎಫ್‌ಸಿಗೆ ಹೋದ ದಿನ ಇನ್‌ಸ್ಪೆಕ್ಟರ್ ಬಾಗಿಲು ತೆಗೆದರು, ಕಾಗದ ನೋಡಿದರು. "ಮ್ಯಾಕ್ಸಿ ಕ್ಯಾಬ್ ಅಂತಿದೆ. 12 ಪ್ಯಾಸೆಂಜರ್ ಸೀಟ್. ಎಲ್ರೀ ಸೀಟು?" ಹಾಸಿಗೆ ಎತ್ತಿ, ಪ್ಲೈವುಡ್ ಸರಿಸಿ, ನೆಲದ ಮ್ಯಾಟ್ ಒಂದು ಮೂಲೆಯಲ್ಲಿ ಕಿತ್ತರು. ಸೀಟು ಹಿಡಿದಿದ್ದ ಬೋಲ್ಟುಗಳು ಸಾಲಾಗಿ ಹಾಗೇ ಇದ್ದವು. ತಲೆ ಮಾತ್ರ ಗ್ರೈಂಡರ್‌ನಲ್ಲಿ ಕೊಯ್ದು, ಮೇಲೆ ಮ್ಯಾಟ್ ಅಂಟಿಸಿದ್ದರು. ಪಕ್ಕದಲ್ಲಿ ಅಪ್ಪ ನಿಂತಿದ್ದರು. ಅಡಿಕೆ ಮಾರಿದ ದುಡ್ಡು ಅದು, ಅವರದ್ದು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಹೀಗೆ ಮನಸ್ಸಿಗೆ ಬಂದಂತೆ ಗಾಡಿ ಬದಲಾಯಿಸುವ ಹಾಗಿಲ್ಲ. ಎಫ್‌ಸಿ ಆಗಲಿಲ್ಲ. ಇನ್ಶೂರೆನ್ಸ್ ಕೂಡ ಮ್ಯಾಕ್ಸಿ ಕ್ಯಾಬ್ ಹೆಸರಲ್ಲೇ ಇದೆ. ನಾಳೆ ಏನಾದರೂ ಆದರೆ ಕಂಪನಿಯವರು ಕೈ ಎತ್ತಬಹುದು.

ಅಲ್ಲಿಂದಲೇ ಬ್ರೋಕರ್‌ಗೆ ಫೋನ್ ಮಾಡಿದೆ. "ಅದೆಲ್ಲ ಅಡ್ಜಸ್ಟ್ ಆಗುತ್ತೆ ಸಾರ್." ಯಾರ ಹತ್ರ ಅಡ್ಜಸ್ಟ್ ಅಂದರೆ ಉತ್ತರವಿಲ್ಲ. ಕನ್ವರ್ಷನ್ ಆಗಿದೆ ಅಂದಿದ್ರಲ್ಲ ಅಂದೆ. "ಏಜೆಂಟ್ ಹೇಳಿದ್ದನ್ನ ನಾನು ಹೇಳಿದೆ." ದುಡ್ಡು ವಾಪಸ್ ಕೊಡಿ ಅಂದೆ. "ನೀವು ಮಲ್ಪೆಗೆಲ್ಲ ಓಡಿಸಿಕೊಂಡು ಬಂದಿದ್ದೀರಲ್ಲ ಸಾರ್, ಈಗ ಹೇಗೆ ವಾಪಸ್ ತಗೊಳ್ಳೋದು?" ಈ ಮಾತು ಕೇಳಿ ಮೈ ಉರಿದುಹೋಯಿತು. ಈಗ ಫೋನೇ ಎತ್ತಲ್ಲ.

ಮಲ್ಪೆ ಕಥೆಯೂ ಕೇಳಿ. ಆಗುಂಬೆ ಘಾಟಿ ಇಳಿದು ಹೋಗಿದ್ದೆವು. ರಾತ್ರಿಯಿಡೀ ಎಸಿ ಓಡುತ್ತೆ ಅಂದಿದ್ದ. ಇದ್ದದ್ದು 150 ಎಎಚ್‌ನ ಎರಡು ಮಾಮೂಲಿ ಇನ್ವರ್ಟರ್ ಬ್ಯಾಟರಿ. ಒಂದು ಟನ್ ಎಸಿಗೆ ಅದು ಎರಡು ಗಂಟೆ ಬಂದರೆ ಹೆಚ್ಚು. ಮಕ್ಕಳು ಬೆವರಿನಲ್ಲೇ ಮಲಗಿದವು. ಟಾಯ್ಲೆಟ್‌ಗೆ ಟ್ಯಾಂಕೇ ಇಲ್ಲ, ಪೈಪು ನೇರ ನೆಲಕ್ಕೆ! ಪಾರ್ಕಿಂಗ್‌ನಲ್ಲಿ ಪಕ್ಕದ ಗಾಡಿಯವರು ಬಂದು ಕೇಳಿದಾಗ ಮುಖ ಎಲ್ಲಿಟ್ಟುಕೊಳ್ಳೋದು? ಒಲೆಗೆ ಮನೆಯ 14.2 ಕೆಜಿ ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದರೆ ನೆಲದಲ್ಲೇ ನಿಲ್ಲುತ್ತೆ. ಹೊರಗೆ ಹೋಗೋಕೆ ಕೆಳಗೆ ಒಂದು ತೂತೂ ಇರಲಿಲ್ಲ. ಅದರ ಪಕ್ಕದಲ್ಲೇ ಮಕ್ಕಳನ್ನು ಮಲಗಿಸಿದ್ದೆವು.

ಎ, ಬಿ, ಸಿ ಯಾರು ಬೇಕಾದರೂ ಹೇಳಲಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ವೆಹಿಕಲ್ ಕ್ಲಾಸ್ ನೋಡಿ. ಮೋಟರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಅಂತ ಇರಬೇಕು. ಇಲ್ಲದಿದ್ದರೆ ಎದ್ದು ಬನ್ನಿ. ಆರ್‌ಸಿ ಏಜೆಂಟ್ ಹತ್ರ ಇದೆ ಅಂದರೂ ಎದ್ದು ಬನ್ನಿ.

ಅದೇ ಮನುಷ್ಯ ಈಗ ಇನ್ನೊಂದು ಬಿಳಿ ಟಿಟಿಯ ಫೋಟೋ ಕಳಿಸುತ್ತಿದ್ದಾನಂತೆ, ಅದೂ ಕ್ಲಾಸ್ ಸಿ ಅಂತಲೇ. ನೋಡೋಕೆ ಹೋಗುವವರು ಮೊದಲು ಹಾಸಿಗೆ ಎತ್ತಿಸಿ.