ಒನ್ ಗ್ರಾಂ ಒಡವೆಗೆ ಜಾತ್ರೆಯ ‘ಒಡವೆ ತೊಳೆಯೋ ನೀರು’ ಹಾಕಬೇಡಿ

ಜಾತ್ರೆ, ಸಂತೆಗಳಲ್ಲಿ ಹೆಸರು-ಚೀಟಿ ಏನೂ ಇಲ್ಲದ ಬಾಟಲಿಯಲ್ಲಿ ಒಡವೆ ತೊಳೆಯೋ ನೀರು ಮಾರುತ್ತಾರಲ್ಲ, ಅದನ್ನು ಒನ್ ಗ್ರಾಂ ಗೋಲ್ಡ್ ಸಾಮಾನಿಗೆ ದಯವಿಟ್ಟು ಹಾಕಬೇಡಿ. ನಮ್ಮ ಮನೆಯಲ್ಲಿ ಪೂರ್ತಿ ಒಂದು ಸೆಟ್ ಹಾಳಾಯಿತು, ನಾದಿನಿಯ ಕಿವಿಗೂ ತ್ರಾಸಾಯಿತು.

ನಾದಿನಿಯನ್ನು ಹಾವೇರಿ ಕಡೆ ಕೊಟ್ಟಿದ್ದೇವೆ. ಪಂಚಮಿಗೆ ಧಾರವಾಡಕ್ಕೆ ತವರಿಗೆ ಬಂದಾಗ ಬೋರಮಾಳ, ಜುಮಕಿ, ಕೆಂಪು ಹರಳಿನ ನೆಕ್ಲೆಸ್ ತಂದಿದ್ದಳು. ಯಾವುದೋ ಮದುವೆಯಲ್ಲಿ ಹಾಕಿಕೊಂಡು, ಬೆವರು ಒರೆಸದೆ ಡಬ್ಬಿಗೆ ಹಾಕಿದ್ದವು. ಮೇಲೆ ಶ್ರಾವಣದ ಜಿಟಿಜಿಟಿ ಮಳೆ. ಎಲ್ಲ ಕಪ್ಪಿಟ್ಟಿದ್ದವು. ಬೇಸಿಗೆಯ ಜಾತ್ರೆಯಲ್ಲಿ ಕೊಂಡ ಬಾಟಲಿ ತೆಗೆದು, “ವೈನಿ, ಅಂವಾ ನನ್ನ ಕಣ್ಣ ಮುಂದ ಕಾಲುಂಗ್ರಾ ಅದ್ದಿ ತಗದಾನ್ರಿ, ಫಳಫಳ ಹೊಳೀತಿತ್ತು” ಅಂದಳು. ಬಟ್ಟಲಿಗೆ ಸುರಿದು ಎಲ್ಲವನ್ನೂ ಮುಳುಗಿಸಿದಳು. ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಮೊದಲು ನಿಜವಾಗಿಯೂ ಹೊಳೆದವು. ಆಮೇಲೆ ಬೋರಮಾಳದ ಗುಂಡುಗಳ ಮೇಲೆ ಅಲ್ಲಲ್ಲಿ ತಾಮ್ರದಂಥ ಕೆಂಪು ಕಾಣಿಸಿತು. ತೊಳೆದು ಒಣಗಿಸಿದರೂ ಮರುದಿನಕ್ಕೆ ಹಸಿರುಗಪ್ಪು ಕಲೆ. ನೆಕ್ಲೆಸ್ಸಿನ ಹರಳುಗಳು ಮಂಕಾಗಿ ಸತ್ತಂತಾಗಿದ್ದವು.

ಮಾರುವವನು ತೋರಿಸಿದ್ದು ಸುಳ್ಳಲ್ಲ. ಮೋಸ ಇರುವುದು ಯಾವ ಸಾಮಾನನ್ನು ಅದ್ದಿ ತೋರಿಸಿದ ಅನ್ನುವುದರಲ್ಲಿ. ಕಾಲುಂಗುರ ಬೆಳ್ಳಿಯದು. ಅದರ ಮೇಲಿನ ಕಪ್ಪು ಗಾಳಿಯಲ್ಲಿನ ಗಂಧಕ ಸೇರಿ ಆದ ಬೆಳ್ಳಿಯ ಸಲ್ಫೈಡ್. ಬೆಳ್ಳಿ ತೊಳೆಯುವ ಅದ್ದುನೀರುಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಎಂಬ ರಾಸಾಯನಿಕ ಇರುತ್ತವೆ, ಅವು ಆ ಕಪ್ಪನ್ನು ಕರಗಿಸುತ್ತವೆ. ಕೆಳಗೂ ಬೆಳ್ಳಿಯೇ ಇರುವುದರಿಂದ ಮೇಲಿನ ಪದರ ಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಒನ್ ಗ್ರಾಂ, ಅಂದರೆ ಬಂಗಾರದ ಗಿಲೀಟು ಹಾಕಿದ ಒಡವೆಯ ಕಥೆ ಬೇರೆ. ಒಳಗೆ ಹೆಚ್ಚಾಗಿ ಹಿತ್ತಾಳೆ, ಅಂದರೆ ತಾಮ್ರ ಮತ್ತು ಸತು. ಮೇಲಿನ ಬಂಗಾರದ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ಕಡಿಮೆ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗವೂ ಇಲ್ಲ. ಅದರ ಸಣ್ಣ ರಂಧ್ರಗಳಿಂದ ಆಮ್ಲ ಕೆಳಗಿಳಿದರೆ ಬಂಗಾರಕ್ಕೆ ಏನೂ ಆಗದು, ಹಿತ್ತಾಳೆಯನ್ನು ಅದು ಕೊರೆಯುತ್ತದೆ, ಹಿಡಿತ ತಪ್ಪಿದ ಬಂಗಾರ ಉದುರುತ್ತದೆ. ಮೊದಲು ಸತು ಕರಗಿ ತಾಮ್ರ ಉಳಿಯುವುದರಿಂದಲೇ ಆ ಕೆಂಪು. ಅಗ್ಗದ ಹರಳುಗಳ ಬೆನ್ನಿಗೆ ಹೊಳಪಿನ ತೆಳು ಹಾಳೆ ಇರುತ್ತದೆ. ನೀರು ಅಲ್ಲಿಗೆ ಇಳಿದರೆ ಹಾಳೆ ಕಪ್ಪಾಗುತ್ತದೆ, ಅಂಟೂ ಬಿಡುತ್ತದೆ.

ಕಿವಿಯದು ಇನ್ನೂ ಕೆಟ್ಟದ್ದು. ಹಬ್ಬದ ದಿನ ಅದೇ ಜುಮಕಿ ಹಾಕಿಕೊಂಡಳು. ಸಂಜೆಗೆ ತುರಿಕೆ, ಆಮೇಲೆ ಕಿವಿಯ ತೂತು ಕೆಂಪಾಗಿ ರಸಿಗೆ ಸೋರತೊಡಗಿತು. ಹಿತ್ತಾಳೆಗೂ ಬಂಗಾರಕ್ಕೂ ನಡುವೆ ಎಷ್ಟೋ ಸಲ ನಿಕ್ಕಲ್ ಪದರ ಇರುತ್ತದೆ, ಮೇಲಿನದು ಹೋದರೆ ಚರ್ಮಕ್ಕೆ ತಾಗುವುದು ಅದೇ. ಡಾಕ್ಟರು ನಿಕ್ಕಲ್ ಅಲರ್ಜಿ ಅಂದರು. ಇದು ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಬಣ್ಣ ಬಿಟ್ಟ ಓಲೆಯನ್ನು ಹೆಣ್ಣುಮಕ್ಕಳ ಎಳೆ ಕಿವಿಗಂತೂ ಹಾಕಲೇಬೇಡಿ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಆ ನೀರು ಇದ್ದದ್ದು ಕುಡಿಯೋ ನೀರಿನ ಹಳೇ ಬಾಟಲಿಯಲ್ಲಿ. ಮನೆ ತುಂಬ ಹುಡುಗರು. ಯಾರಾದರೂ ಬಾಯಿಗೆ ಹಾಕಿದ್ದರೆ ಒಳಗೇನಿದೆ ಅಂತ ಡಾಕ್ಟರಿಗೆ ಹೇಳುವುದಕ್ಕೂ ನಮಗೆ ಗೊತ್ತಿರುತ್ತಿರಲಿಲ್ಲ. ನಿಮ್ಮಲ್ಲಿ ಇಂಥ ಬಾಟಲಿ ಇದ್ದರೆ ಅಡುಗೆಮನೆಯಿಂದ ಇವತ್ತೇ ಹೊರಗೆ ಹಾಕಿ. ಅಪ್ಪಿತಪ್ಪಿ ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಓಣಿಯವರು ಹೇಳಿದ ಮದ್ದುಗಳೂ ಗಿಲೀಟಿಗೆ ನಡೆಯುವುದಿಲ್ಲ. ಹುಣಸಿಹಣ್ಣು, ಲಿಂಬಿಹಣ್ಣು, ವಿನೆಗರ್ ಎಲ್ಲವೂ ಆಮ್ಲವೇ. ದೇವರ ಮನೆಯ ಹಿತ್ತಾಳೆ ಸಮೆಗೆ ಅವು ಸರಿ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ, ಪದರವನ್ನೇ ಕೆರೆದು ತೆಗೆಯುತ್ತದೆ. ನಿಜವಾದ ಮುತ್ತನ್ನು ಹುಳಿ ಕರಗಿಸುತ್ತದೆ. ಪಾಯಖಾನೆ ತೊಳೆಯುವ ಆ್ಯಸಿಡ್ ಹಾಕು ಅಂತ ಒಬ್ಬರು ಹೇಳಿದರು; ಅದಕ್ಕೆ ಬ್ಲೀಚ್ ಕೂಡಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಒಂದು ಹನಿ ಮೆದು ಸೋಪು ಹಾಕಿದ ನೀರಲ್ಲಿ ಹತ್ತಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಹಗುರಾಗಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸುವುದು. ಮೊದಲು ಹಿಂಬದಿಯ ಒಂದು ಮೂಲೆಯಲ್ಲಿ ನೋಡಿ. ಮುಳುಗಿಸಲೇಬೇಡಿ. ಸೆಂಟು, ಪೌಡರು ಮೊದಲು, ಒಡವೆ ಕೊನೆಗೆ. ಬಿಚ್ಚಿದ ಕೂಡಲೇ ಬೆವರು ಒರೆಸಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೆಂಪು ತುಕ್ಕು ಕಂಡರೆ ಅದು ಕಬ್ಬಿಣದ್ದು, ಹೆಚ್ಚಾಗಿ ಕೊಂಡಿ ಅಥವಾ ಸ್ಪ್ರಿಂಗಿನದು. ಉಜ್ಜುವ ಬದಲು ಕೊಂಡಿಯನ್ನೇ ಬದಲಿಸಿ.

ಹೋದ ಬಣ್ಣ ಒರೆಸಿದರೆ ವಾಪಸ್ ಬರುವುದಿಲ್ಲ, ಮತ್ತೆ ಗಿಲೀಟು ಹಾಕಿಸಬೇಕು. ನಾದಿನಿಯ ಸೆಟ್ಟನ್ನು ಹುಬ್ಬಳ್ಳಿಯಲ್ಲಿ ಆ ಕೆಲಸ ಮಾಡುವವರಿಗೆ ತೋರಿಸಿದೆವು. ಬೋರಮಾಳದ ಗುಂಡು ಬಿಚ್ಚಿ ಹಾಕಿಕೊಡಬಹುದು ಅಂದರು. ಹರಳಿನ ನೆಕ್ಲೆಸ್ ಅವರ ದ್ರಾವಣದಲ್ಲೂ ಮುಳುಗಬೇಕು, ಹರಳೆಲ್ಲ ತೆಗೆದು ಮತ್ತೆ ಕೂಡಿಸುವ ಕೂಲಿ ಹೊಸ ನೆಕ್ಲೆಸ್ಸಿಗಿಂತ ಹೆಚ್ಚಾಗುತ್ತದೆ ಎಂದು ವಾಪಸ್ ಕೊಟ್ಟರು.